ನಾಯಕನ ಮಗಳ ಗೋಸುಂಬೆಗೆ ಬಣ್ಣಗಾರರು ಮದ್ದು ಮಾಡಿದ್ದು

ಈ ಭೂಮಿ ಮೇಲೆ ಗೋಸುಂಬೆ ಅನ್ನೋ ಜೀವ ಎಷ್ಟಿವೆಯೋ ಅಷ್ಟಕ್ಕೂ ಬಣ್ಣ ಬದಲಾಯಿಸೋ ವಿದ್ಯೆ ಹೇಳಿಕೊಟ್ಟಿದ್ದು ನಮ್ಮ ತಾತ. ಸುಳ್ಳು. ನಮ್ಮ ತಾತ ಗೋಸುಂಬೆ ಕಂಡರೆ ಪಂಚೆ ಎತ್ತಿಕೊಂಡು ಓಡ್ತಿದ್ದ. ಆದ್ರೆ ನಮ್ಮಜ್ಜಿ ಹೇಳ್ತಿದ್ದ ಗೋಸುಂಬೆ ಕತೆ ಮಾತ್ರ ಸುಳ್ಳಲ್ಲ, ಅಂದ್ರೆ ನಾನು ಸೇರಿಸಿದ್ದು ಬಿಟ್ಟು ಮಿಕ್ಕಿದ್ದು ಸುಳ್ಳಲ್ಲ. ನಿಮ್ಮ ಬಸ್ಸು ಬರೋಕೆ ಇನ್ನೂ ಹೊತ್ತಿದೆ ಸ್ವಾಮಿ, ಮಗು ತೂಕಡಿಸ್ತಾ ಇದೆ, ತೊಡೆ ಮೇಲೆ ಮಲಗಿಸ್ಕೊಳ್ಳಿ. ಪುಟ್ಟೀ, ನೀನು ಕಣ್ಣು ಮುಚ್ಕೊಂಡು ಕೇಳು.

ಒಂದಾನೊಂದು ಕಾಲ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲ ಅಂತಿಟ್ಟುಕೋ. ಆವಾಗ ಒಬ್ಬ ನಾಯಕ ಇದ್ದನಂತೆ. ನಾಯಕ ಅಂದ್ರೆ ದೊರೆ, ಆದ್ರೆ ಚಿಕ್ಕ ದೊರೆ. ಅವನ ಕೋಟೆ ಎಷ್ಟು ಚಿಕ್ಕದು ಅಂದ್ರೆ ಅಡುಗೆಮನೇಲಿ ಒಗ್ಗರಣೆ ಹಾಕಿದ್ರೆ ಕೋಟೆ ಬಾಗಿಲಲ್ಲಿ ಕಾವಲಿನವನು ಸೀನ್ತಿದ್ದನಂತೆ. ಆ ನಾಯಕನಿಗೆ ಒಬ್ಬಳೇ ಮಗಳು, ಚೆನ್ನಾಜಿ ಅಂತ, ಏಳು ವರ್ಷ. ಅವಳು ಒಂದಿನ ತಂಗಡಿ ಗಿಡದಲ್ಲಿ ಕೂತಿದ್ದ ಗೋಸುಂಬೇನ ಕಂಡು, ಲಂಗದಲ್ಲಿ ಹಾಕಿಕೊಂಡು ಬಂದು, ಪಚ್ಚೆ ಅಂತ ಹೆಸರಿಟ್ಟು ಸಾಕಿಕೊಂಡಳಂತೆ. ಸಾಕೋದು ಅಂದ್ರೆ ದೊರೆ ಮನೆ ಸಾಕಣೆ. ಬೆಳ್ಳಿ ಪಂಜರ, ಅದರೊಳಗೆ ರೇಷ್ಮೆ ದಿಂಬು, ಒಂದು ಬಟ್ಟಲಲ್ಲಿ ಹಾಲು, ಇನ್ನೊಂದು ಬಟ್ಟಲಲ್ಲಿ ತುಪ್ಪ ಕಲಸಿದ ಅನ್ನ, ಬಿಸಿಲು ತಾಗಬಾರದು ಅಂತ ಒಳಕೋಣೆಯ ವಾಸ, ಆಮೇಲೆ ದಿನಕ್ಕೆ ನೂರು ಸಲ ಎತ್ತಿಕೊಂಡು ಮುದ್ದು.

ಹದಿನೈದು ದಿನ ಆಗಿತ್ತೋ ಇಲ್ಲವೋ, ಪಚ್ಚೆ ಕಪ್ಪಾಗಿಹೋಯ್ತಂತೆ. ಕಣ್ಣು ಗುಳಿ ಬಿತ್ತು, ಸುರುಳಿ ಸುತ್ತಿಕೊಂಡಿರ್ತಿದ್ದ ಬಾಲ ಒದ್ದೆ ದಾರದ ಹಾಗೆ ಜೋತುಬಿತ್ತು. ಪಚ್ಚೆ ಏನೂ ಮುಟ್ಟಲಿಲ್ಲ ಅಂತ ಚೆನ್ನಾಜೀನೂ ಊಟ ಮುಟ್ಟಲಿಲ್ಲ. ಕತ್ತಿಗೆ ಹೆದರದ ನಾಯಕ, ಮಗಳು ಎರಡು ಹೊತ್ತು ಉಂಡಿಲ್ಲ ಅಂದಾಗ ನಡುಗಿಹೋದನಂತೆ. ಅರಮನೆ ವೈದ್ಯರು ಬಂದರು, ನಾಡಿ ಹಿಡಿಯೋಕೆ ಹೋದರು, ಇದರ ಮಣಿಕಟ್ಟು ಯಾವುದು ಬೆರಳು ಯಾವುದು ಅಂತ ಗೊತ್ತಾಗದೆ, ಇದಕ್ಕೆ ಬೇರೇನೂ ಆಗಿಲ್ಲ ಬುದ್ಧಿ, ಬಣ್ಣ ಹೋಗಿದೆ ಅಷ್ಟೆ, ಅಂದುಬಿಟ್ಟರಂತೆ. ಬಣ್ಣ ಹೋಗಿದ್ರೆ ಬಣ್ಣ ಹಾಕೋರನ್ನ ಕರೀರಿ ಅಂದನಂತೆ ನಾಯಕ. ತಮಾಷೆಗಲ್ಲ, ನಿಜವಾಗ್ಲೂ ಅಂದ.

ಕೋಟೆ ಕೆಳಗೆ ಹಳ್ಳದ ದಂಡೇಲಿ ಬಣ್ಣಗಾರರ ಕೇರಿ. ಸೀರೆ, ರುಮಾಲು, ಪಂಚೆ ಎಲ್ಲಕ್ಕೂ ಬಣ್ಣ ಹಾಕೋ ಜನ. ಅವರಿಗೆ ಹಿರಿಯ ಗಾದ್ರಪ್ಪ. ಈ ಗಾದ್ರಪ್ಪನಿಗೆ ಬಣ್ಣದ ವಿಷಯದಲ್ಲಿ ಯಾರು ಏನು ಕೇಳಿದ್ರೂ ಆಗಲ್ಲ ಅನ್ನೋಕೆ ನಾಲಿಗೆ ಬರ್ತಿರಲಿಲ್ಲ. ನರೆತ ಮೀಸೆ ಕಪ್ಪು ಮಾಡ್ತೀಯಾ ಅಂದ್ರೆ ಮಾಡ್ತೀನಿ, ಬಿಳೀ ಹಸುವನ್ನ ಕಂದು ಮಾಡ್ತೀಯಾ ಅಂದ್ರೆ ಬಾಲದಿಂದ ಶುರು ಮಾಡ್ಲಾ ಕೊಂಬಿಂದಲಾ ಅನ್ನೋನು. ಅಂಥೋನು ಗೋಸುಂಬೆ ಅಂದ್ರೆ ಬಿಡ್ತಾನಾ. ಅದೇನು ಮಹಾ ಬುದ್ಧಿ, ನಮ್ಮ ಮಕ್ಕಳಿಗೆ ಹೇಳಿದ್ರೆ ಬೆಳಗ್ಗೆ ಕೊಟ್ಟಿದ್ದು ಸಂಜೆಗೆ ಆಗುತ್ತೆ ಅಂದನಂತೆ.

ಆಗ ನಾಯಕ ಹೇಳಿದನಂತೆ, ನೋಡು ಗಾದ್ರಪ್ಪ, ಇವತ್ತು ವಾಸಿಯಾಗಿ ನಾಳೆ ಮತ್ತೆ ಬೀಳೋ ಹಾಗಿದ್ರೆ ಬೇಡ. ಮೂರು ಸಲ ನೋಡ್ತೀನಿ. ಮೂರನೇ ಸಲಾನೂ ಮತ್ತೆ ಕಪ್ಪಾಯ್ತು ಅಂದ್ರೆ, ಹಳ್ಳದ ಮೇಲ್ಗಡೆ ನೀವು ಬಟ್ಟೆ ಜಾಲಿಸೋ ಬಂಡೆ ನಿಮ್ಮದಲ್ಲ, ಕೆಳಗೆ ಎಮ್ಮೆ ಮೈತೊಳೆಯೋ ಮಡುವಿಗೆ ಹೋಗಿ.

ಇದು ಸಣ್ಣ ಮಾತಲ್ಲ ಪುಟ್ಟಿ. ಬಣ್ಣ ಕಟ್ಟೋಕೆ ತಿಳಿನೀರೇ ಬೇಕು. ಎಮ್ಮೆ ಕದಡಿದ ನೀರಲ್ಲಿ ಜಾಲಿಸಿದ್ರೆ ಕೆಂಪು ಸೀರೆ ಇಟ್ಟಿಗೆ ಬಣ್ಣ, ಹಳದಿ ಸೀರೆ ಸಗಣಿ ಬಣ್ಣ, ಯಾರು ಉಡ್ತಾರೆ. ಆ ಬಂಡೆ ಹೋದ್ರೆ ಕೇರಿಯ ಇಪ್ಪತ್ತು ಮನೆ ಒಲೇನೂ ಆರಿಹೋಗುತ್ತೆ. ಗಾದ್ರಪ್ಪನಿಗೆ ಅದು ಹೊಳೆದಿದ್ದು ಹೂಂ ಅಂದಮೇಲೆ.

ಗಾದ್ರಪ್ಪನಿಗೆ ಮೂವರು ಮಕ್ಕಳು. ಅಜ್ಜಿ ಮೂವರೂ ಗಂಡು ಅಂತಿದ್ದಳು, ನೀನು ಕೇಳ್ತಾ ಇದೀಯಲ್ಲ ಅಂತ ಮೂರನೇದನ್ನ ನಾನು ಹೆಣ್ಣು ಮಾಡಿದೀನಿ, ಅಜ್ಜಿಯೇನು ಎದ್ದು ಬಂದು ಕೇಳಲ್ಲ. ದೊಡ್ಡವನು ಓಬಣ್ಣ, ಎರಡನೆಯವನು ಪಾಲಣ್ಣ, ಕೊನೆಯವಳು ಬೊಮ್ಮಕ್ಕ. ಗಂಡುಮಕ್ಕಳಿಬ್ಬರೂ ಕೆಲಸಗಾರರು. ಬೊಮ್ಮಕ್ಕ ಮಾತ್ರ ಮಹಾ ಸೋಮಾರಿ. ಹೊಂಗೆ ಮರದ ಕೆಳಗೆ ಚಾಪೆ ಹಾಕಿ ಮಲಗಿ, ಇರುವೆ ಸಾಲು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ನೋಡ್ತಾ ಇಡೀ ದಿನ ಕಳೆಯೋಳಂತೆ.

ಸರಿ, ಮೊದಲು ಓಬಣ್ಣ ಹೋದ. ಅಳಲೇಕಾಯಿ ನೀರಲ್ಲಿ ನೆನೆಸದ ಬಟ್ಟೆಗೆ ಬಣ್ಣ ಕಚ್ಚಲ್ಲ, ಇದನ್ನೂ ಯಾರೋ ನೆನೆಸೋದು ಮರೆತಿದಾರೆ ಅಂದವನೇ, ಅಳಲೇಕಾಯಿ ಅರೆದು, ಉಗುರುಬೆಚ್ಚಗಿನ ನೀರಲ್ಲಿ ಕದಡಿ, ಪಚ್ಚೆ ತಲೆ ಮೇಲೆ ತೊಟ್ಟುತೊಟ್ಟಾಗಿ ಬಿಟ್ಟನಂತೆ. ಸ್ವಲ್ಪ ಹೊತ್ತಿಗೆ ಪಚ್ಚೆ ಕಣ್ಣು ಹೊರಳಿಸ್ತು, ಆಮೇಲೆ ಬಾಯಿ ಆಡಿಸ್ತು, ಆಮೇಲೆ ಸಂಜೆ ಹೊತ್ತಿಗೆ ಎಳೇ ಹಸಿರಿಗೆ ತಿರುಗ್ತು. ನಾಯಕ ಓಬಣ್ಣನಿಗೆ ಜರಿ ರುಮಾಲು ಸುತ್ತಿಸಿದ. ಚೆನ್ನಾಜಿ ಎರಡು ಹೊತ್ತಿನ ಊಟ ಒಂದೇ ಸಲಕ್ಕೆ ಉಂಡಳು. ಪಚ್ಚೇನ ಮತ್ತೆ ಬೆಳ್ಳಿ ಪಂಜರಕ್ಕೆ ಬಿಟ್ಟರು. ಎಂಟು ದಿನಕ್ಕೆ ಮತ್ತೆ ಕಪ್ಪು.

ಆಮೇಲೆ ಪಾಲಣ್ಣ ಹೋದ. ಅಣ್ಣ ಕಟ್ಟಿದ ಬಣ್ಣಕ್ಕೆ ಗಾಳಿಬಿಸಿಲು ತೋರಿಸಿಲ್ಲ, ನೀಲಿ ತೊಟ್ಟಿಯಿಂದ ತೆಗೆದ ಬಟ್ಟೇನೂ ಗಾಳಿಗೆ ಹರವದೆ ನೀಲಿಯಾಗಲ್ಲ ಅಂದವನೇ, ಅರಮನೆ ಅಂಗಳದಲ್ಲಿ ಬಟ್ಟೆ ಒಣಹಾಕೋ ಹಗ್ಗ ಕಟ್ಟಿ, ಎಳೆಬಿಸಿಲಲ್ಲಿ ಪಚ್ಚೇನ ಅದರ ಮೇಲೆ ಕೂರಿಸಿದನಂತೆ. ಪಚ್ಚೆ ನಾಲ್ಕೂ ಕಾಲಲ್ಲಿ ಹಗ್ಗ ಹಿಡ್ಕೊಂಡಿತು, ಮೈ ಕಾಯಿಸ್ತು, ಎದುರಿಗೆ ಒಂದು ನೊಣ ಬಂತು, ಚಟಾರನೆ ನಾಲಿಗೆ ಬಿಟ್ಟು ಎಳ್ಕೊಂಡಿತು, ಮಧ್ಯಾಹ್ನಕ್ಕೆ ಗಿಳಿಯ ಹಾಗೆ ಹಸಿರು. ನಾಯಕ ಪಾಲಣ್ಣನಿಗೂ ಒಂದು ರುಮಾಲು ಸುತ್ತಿಸಿದ. ಪಚ್ಚೆಗೆ ಮತ್ತೆ ಅದೇ ಪಂಜರ, ಅದೇ ಒಳಕೋಣೆ. ಎಂಟೇ ದಿನ, ಮತ್ತೆ ಕಪ್ಪು. ಈ ಸಲ ಮುಂಗಾಲೂ ಸೊಟ್ಟಗಾಗಿ, ದಿಂಬಿನ ಮೇಲೆ ಹೊಟ್ಟೆ ಎಳ್ಕೊಂಡು ಹೋಗ್ತಿತ್ತಂತೆ. ಚೆನ್ನಾಜಿ ಅಳೋದನ್ನೂ ಬಿಟ್ಟು ಗೋಡೆ ನೋಡ್ತಾ ಕೂತಳಂತೆ, ಅಳೋದಕ್ಕಿಂತ ಅದೇ ಕಷ್ಟ ನೋಡೋಕೆ.

ಉಳಿದಿದ್ದು ಒಂದೇ ಸಲ. ಅಪ್ಪ ಮಕ್ಕಳು ಬಣ್ಣದ ತೊಟ್ಟಿ ಸುತ್ತ ಕೂತು ಯೋಚನೆ ಮಾಡಿದರಂತೆ. ಓಬಣ್ಣ ದನಿ ತಗ್ಗಿಸಿ, ಅಪ್ಪಾ, ಹಸಿರು ತೊಟ್ಟಿಗೆ ಒಂದು ಸಲ ಅದ್ದಿ ತೆಗೆದುಬಿಡೋಣ, ಪಟಿಕ ಹಾಕಿದ್ರೆ ವರ್ಷ ಬಣ್ಣ ಬಿಡಲ್ಲ, ನಾಯಕರಿಗೇನು ಗೊತ್ತಾಗುತ್ತೆ ಅಂದ. ಗಾದ್ರಪ್ಪ ಮೀಸೆ ನೇವರಿಸ್ಕೊಂಡು, ಎಲೆ ಹಸಿರೋ ಗಿಳಿ ಹಸಿರೋ ಅಂದ. ಆಗ ಚಾಪೆ ಮೇಲಿಂದ ಬೊಮ್ಮಕ್ಕ, ಅಣ್ಣಾ, ಸತ್ತ ಗೋಸುಂಬೆ ಎಷ್ಟು ಹಸಿರಾಗಿದ್ರೂ ಸತ್ತೇ ಇರುತ್ತೆ ಅಂದಳಂತೆ.

ಎದ್ದು ಕೂರೋಕೂ ಮೈ ಬಗ್ಗದವಳು ನೀನೇನು ಮಾಡ್ತೀಯೇ ಅಂದ ಗಾದ್ರಪ್ಪ.

ನಾನೇನೂ ಮಾಡಲ್ಲಪ್ಪ. ಎಲ್ಲರೂ ಮಾಡಿದ್ದೇ ಜಾಸ್ತಿ ಆಗಿದೆ. ಅದನ್ನ ಈ ಹೊಂಗೆ ಮರದ ಮೇಲೆ ಬಿಟ್ಟು, ಕೆಳಗೆ ಕೂತು ನೋಡ್ತೀನಿ. ನೋಡೋದು ನನಗೆ ಚೆನ್ನಾಗಿ ಬರುತ್ತೆ.

ಗಾದ್ರಪ್ಪನಿಗೆ ಬೇರೆ ದಾರಿ ಇರಲಿಲ್ಲ, ನಾಯಕನನ್ನ ಕೇಳಿ ಪಚ್ಚೇನ ಕೇರಿಗೆ ತಂದ. ಆಮೇಲೆ ಹೊಂಗೆಯ ಬಿಸಿಲು ಬೀಳೋ ಕಡೆ ಒಂದು ಕೊಂಬೆ ಆರಿಸಿ, ಸುತ್ತ ಗಾಳಿಯಾಡೋ ತೆಳು ಬಟ್ಟೆ ಬಿಗಿದು, ಬಟ್ಟೆಯ ಕೋಣೆಯ ಹಾಗೆ ಮಾಡಿ, ಪಚ್ಚೇನ ಅದರೊಳಗೆ ಬಿಟ್ಟರಂತೆ. ಚೆನ್ನಾಜೀನೂ ಬಂದು ಚಾಪೆ ಮೇಲೆ ಬೊಮ್ಮಕ್ಕನ ಪಕ್ಕ ಕೂತಳು. ಹಾಲಿನ ಬಟ್ಟಲೂ ತಂದಿದ್ದಳು, ಕೊಂಬೆಗೆ ಕಟ್ಟಿದಳು.

ಮೊದಲನೇ ದಿನ ಪಚ್ಚೆ ಬಟ್ಟಲ ಕಡೆ ತಿರುಗೀನೂ ನೋಡಲಿಲ್ಲ. ಎಲೆ ಮೇಲಿನ ಇಬ್ಬನಿ ಒಂದು ಹನಿಯಾಗಿ ತುದಿಗೆ ಬಂದು ಮಿನುಗಿದ್ದೇ ತಡ, ಒಂದು ಕಣ್ಣು ಹೊರಳ್ತು, ಆಮೇಲೆ ಇನ್ನೊಂದು ಕಣ್ಣು ಹೊರಳ್ತು, ಬಂದು ಚಪ್ಪರಿಸಿ ಕುಡೀತು. ಬೊಮ್ಮಕ್ಕ, ಬಾಯಾರಿತ್ತು ಅಮ್ಮಣ್ಣಿ ಇದಕ್ಕೆ, ನಿಂತ ನೀರು ಇದರ ಕಣ್ಣಿಗೆ ನೀರೇ ಅಲ್ಲ, ತೊಟ್ಟಿಕ್ಕಬೇಕು. ನಮ್ಮಣ್ಣನ ಅಳಲೇಕಾಯಿ ವಾಸಿ ಮಾಡಲಿಲ್ಲ, ತಲೆ ಮೇಲೆ ಇಳಿದ ಹನಿ ವಾಸಿ ಮಾಡ್ತು ಅಂದಳಂತೆ. ಅಂದವಳು ಸೋರ್ತಿದ್ದ ಹಳೇ ಬಣ್ಣದ ಗಡಿಗೆ ಒಂದನ್ನ ತೊಳೆಸಿ, ನೀರು ತುಂಬಿಸಿ, ಮೇಲಿನ ಕೊಂಬೆಗೆ ತೂಗಿಸಿದಳು. ತಾನು ಏಳಲಿಲ್ಲ, ಓಬಣ್ಣನ ಕೈಲಿ ಮಾಡಿಸಿದಳು. ಗಡಿಗೆಯಿಂದ ಟಪ್ ಟಪ್ ಅಂತ ಎಲೆ ಮೇಲೆ ಹನಿ.

ಎರಡನೇ ದಿನ ನೋಡ್ತಾರೆ, ಬೆಳಗಿನ ಚಳೀಲಿ ಪಚ್ಚೆ ಬಿಸಿಲಿಗೆ ತಿರುಗಿಸಿದ ಮಗ್ಗುಲನ್ನ ಕಪ್ಪು ಮಾಡ್ಕೊಂಡು ಕೂತಿದೆ, ಆ ಕಡೆ ಮಗ್ಗುಲು ಹಸಿರಾಗೇ ಇದೆ. ಮೈ ಬೆಚ್ಚಗಾದ ಮೇಲೆ ಎರಡೂ ಹಸಿರು. ಚೆನ್ನಾಜಿ ಕೇಳಿದಳಂತೆ, ಹಂಗಾದ್ರೆ ಕಪ್ಪೆಲ್ಲ ಕಾಯಿಲೆ ಅಲ್ವಾ ಬೊಮ್ಮಕ್ಕ. ಅಲ್ಲ ಅಮ್ಮಣ್ಣಿ, ನಾವು ಚಳಿಗೆ ಕಂಬಳಿ ಹೊದ್ದ ಹಾಗೆ ಇದು ಕಪ್ಪು ಹೊದಿಯುತ್ತೆ. ಆಮೇಲೆ ಚೆನ್ನಾಜಿ ಹುಲ್ಲಲ್ಲಿ ಮಿಡತೆ ಹಿಡಿದು ತಂದಳು. ಸುಮ್ಮನಿದ್ದ ಮಿಡತೇನ ಪಚ್ಚೆ ಮೂಸಲಿಲ್ಲ, ನೆಗೆದ ಮಿಡತೇನ ಬಿಡಲಿಲ್ಲ. ಸೊಟ್ಟ ಕಾಲಿಗೆ ಏನು ಮಾಡೋದು ಅಂದ್ರೆ, ಎಲುಬು ಗಟ್ಟಿಯಾಗ್ಲಿ ಅಂತ ಬೊಮ್ಮಕ್ಕನ ಅವ್ವ ಕೋಳಿಗೆ ಹಾಕೋ ಮೊಟ್ಟೆಚಿಪ್ಪಿನ ನುಣ್ಣನೆ ಪುಡೀನ ಮಿಡತೆ ಮೈಗೆ ಸವರಿ ಬಿಟ್ಟರಂತೆ. ಮಿಡತೆ ಹಿಟ್ಟಿನ ಗಿರಣಿಯಿಂದ ಬಂದವನ ಹಾಗೆ ಕಾಣ್ತಿತ್ತಂತೆ.

ಮೂರನೇ ದಿನದ್ದು ಕಷ್ಟ. ಪಚ್ಚೆ ಹಸಿರಾಗಿ, ಬಾಲ ಸುರುಳಿ ಸುತ್ತಿಕೊಂಡು ಕೂತಿತ್ತು. ಚೆನ್ನಾಜಿಗೆ ತಡೆಯೋಕಾಗಲಿಲ್ಲ, ಎತ್ತಿ ಮುದ್ದಾಡೋಣ ಅಂತ ಬಟ್ಟೆ ಸರಿಸಿ ಕೈ ಚಾಚಿದಳು. ಕೈ ಗೇಣುದೂರ ಬಂದಿರಬೇಕು, ಪಚ್ಚೆ ಮೈಯುಬ್ಬಿಸಿ ಕಪ್ಪಾಯ್ತು. ಕೈ ಹಿಂದೆ ತಗೊಂಡಳು, ಸ್ವಲ್ಪ ಹೊತ್ತಿಗೆ ಹಸಿರಾಯ್ತು. ಮತ್ತೆ ಚಾಚಿದಳು, ಮತ್ತೆ ಕಪ್ಪು. ಬೊಮ್ಮಕ್ಕ ನೋಡ್ತಾ ಇದ್ದಳು.

ಚೆನ್ನಾಜೀನೇ ಅಂದಳಂತೆ, ನನ್ನಿಂದಾನೇ ಅಲ್ವಾ.

ನಿನ್ನೊಬ್ಬಳಿಂದ ಅಲ್ಲ ಅಮ್ಮಣ್ಣಿ. ಪಂಜರದಿಂದ, ಕತ್ತಲಿಂದ, ಹಾಲಿಂದ. ಆಮೇಲೆ ಒಂದು ಚೂರು ನಿನ್ನಿಂದ.

ನೂರು ಸಲ ಎತ್ಕೊಂಡಿದೀನಿ ನಾನು.

ನಿನಗೆ ಗೊತ್ತಿರಲಿಲ್ಲ, ಎತ್ಕೊಂಡೆ. ಈಗ ಗೊತ್ತಾಯ್ತಲ್ಲ.

ಆ ಹುಡುಗಿ ಎರಡೂ ಕೈಯನ್ನ ತೊಡೆ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತುಬಿಟ್ಟಳಂತೆ, ಕೈ ತಾನಾಗೇ ಹೋಗದಿರಲಿ ಅಂತ. ನೀನಾಗಿದ್ರೆ ಕೂತಿರ್ತಿದ್ದೆಯಾ ಪುಟ್ಟಿ. ನಾನಂತೂ ಕೂರ್ತಿರಲಿಲ್ಲ.

ಹೀಗೆ ಎಂಟು ದಿನ ಕಳೀತು. ಬೆಳಗ್ಗೆ ಗಡಿಗೆಗೆ ನೀರು ತುಂಬೋದು, ಮಿಡತೆ ಹಿಡಿಯೋದು, ಅದಕ್ಕೆ ಪುಡಿ ಸವರೋದು, ಎಲೆ ಮೇಲಿನ ಹಿಕ್ಕೆ ಒರೆಸೋದು, ಎಲ್ಲ ಚೆನ್ನಾಜೀನೇ. ಮುಟ್ಟೋದು ಮಾತ್ರ ಇಲ್ಲ. ಒಂಬತ್ತನೇ ಬೆಳಗ್ಗೆ ನಾಯಕ ತಾನೇ ನೋಡೋಕೆ ಬಂದ. ಹಿಂದಿನ ದಿನ ಮೋಡ ಕವಿದು ಚಳಿಗಾಳಿ ಬೀಸಿತ್ತು. ಬಟ್ಟೆ ಸರಿಸಿ ನೋಡಿದ್ರೆ ಪಚ್ಚೆ ಇದ್ದಿಲಿನ ಹಾಗೆ ಕಪ್ಪಗೆ ಕೂತಿದೆ.

ನಾಯಕ ಒಂದೇ ಮಾತು ಅಂದ, ಗಾದ್ರಪ್ಪ, ಬಂಡೆ ಬಿಡು. ಗಾದ್ರಪ್ಪ ತಲೆ ತಗ್ಗಿಸಿ, ಬಂಡೆ ಮೇಲೆ ಹರವಿದ್ದ ಸೀರೆ ಒಂದೊಂದಾಗಿ ಮಡಿಸೋಕೆ ಹೋದನಂತೆ. ಕೇರಿಯ ಹೆಂಗಸರು ಮನೆ ಬಾಗಿಲಲ್ಲಿ ಬಂದು ನಿಂತರು. ಓಬಣ್ಣ, ನಾನು ಆವತ್ತೇ ಅದ್ದೋಣ ಅಂದೆ ಅಂತ ಗೊಣಗಿದ.

ಆಗ ಚೆನ್ನಾಜಿ ಓಡಿಹೋಗಿ ಅಪ್ಪನ ನಡುಕಟ್ಟಿನ ಸೆರಗು ಹಿಡ್ಕೊಂಡಳಂತೆ. ಅಪ್ಪಾಜಿ, ಕೂತ್ಕೊಳ್ಳಿ.

ಕೂತು ಏನು ಮಾಡ್ಲಮ್ಮ, ಕಣ್ಣಿಗೆ ಕಾಣ್ತಿದೆಯಲ್ಲ.

ಕಣ್ಣು ನೋಡಿ ಪಚ್ಚೇದು. ಗುಳಿ ಬಿದ್ದಿದೆಯಾ. ಬಾಲ ನೋಡಿ, ಸುತ್ತಿಕೊಂಡಿದೆ. ಇದು ಕಾಯಿಲೆ ಕಪ್ಪಲ್ಲ, ಚಳಿ ಕಪ್ಪು. ಬಿಸಿಲು ಆ ಕೊಂಬೆಗೆ ಬರೋವರೆಗೆ ಕೂತ್ಕೊಳ್ಳಿ, ಆಮೇಲೂ ಕಪ್ಪಾಗಿದ್ರೆ ಬಂಡೆ ತಗೊಳ್ಳಿ.

ಏಳು ವರ್ಷದ ಮಗಳ ಮಾತಿಗೆ ನಾಯಕ ಬಂದು ಚಾಪೆ ಮೇಲೆ ಕೂತ. ಬೊಮ್ಮಕ್ಕ ಒಂದು ಚೂರು ಸರಿದು ಜಾಗ ಕೊಟ್ಟಳು, ಏಳಲಿಲ್ಲ. ಬಿಸಿಲು ಕೋಟೆ ಗೋಡೆ ಇಳೀತು, ಹಳ್ಳ ದಾಟ್ತು, ಹೊಂಗೆ ನೆತ್ತಿಗೆ ಬಂತು, ಕೊಂಬೆ ಕೊಂಬೆ ಇಳೀತು. ಬಿಸಿಲು ಕೊಂಬೆ ಮುಟ್ಟಿದಾಗ ಪಚ್ಚೆ ಮೈ ಅಗಲ ಮಾಡಿ ಅದಕ್ಕೊಡ್ಡಿಕೊಂಡಿತು. ಆಮೇಲೆ ಕುತ್ತಿಗೆ ಹತ್ರ ಒಂದು ಸಾಸಿವೆಯಷ್ಟು ಹಸಿರು ಕಂಡಿತು, ಆಮೇಲೆ ಬೆನ್ನು, ಆಮೇಲೆ ಹೊಟ್ಟೆ, ಆಮೇಲೆ ಬಾಲದ ತುದಿವರೆಗೂ ಗದ್ದೆಯ ಪೈರಿನ ಹಾಗೆ ಹಸಿರು ಹರೀತಂತೆ. ಗಡಿಗೆಯಿಂದ ಒಂದು ಹನಿ ಬಿತ್ತು, ಪಚ್ಚೆ ಅದನ್ನ ಕುಡೀತು. ಅತ್ತ ಬಂಡೆ ಮೇಲೆ ಗಾದ್ರಪ್ಪ ಮಡಿಸಿದ್ದ ಸೀರೆಗಳನ್ನ ಮತ್ತೆ ಬಿಡಿಸಿ ಹರವೋಕೆ ಶುರು ಮಾಡಿದ್ದನಂತೆ, ಯಾರೂ ಹೇಳೋ ಮೊದಲೇ.

ಆಮೇಲೆ ಪಚ್ಚೆಗೆ ಆ ಕಾಯಿಲೆ ಮತ್ತೆ ಬರಲಿಲ್ಲ. ಕಾಲು ಪೂರ್ತಿ ನೆಟ್ಟಗಾಗಲಿಲ್ಲ, ಒಂದು ಚೂರು ಸೊಟ್ಟ ಉಳೀತು, ಆದ್ರೂ ಕೊಂಬೆ ಹತ್ತೋಕೆ ಏನೂ ಅಡ್ಡಿಯಾಗಲಿಲ್ಲವಂತೆ. ಬಂಡೆ ಶಾಶ್ವತವಾಗಿ ಬಣ್ಣಗಾರರಿಗೇ ಅಂತ ನಾಯಕ ಡಂಗುರ ಸಾರಿಸಿದ. ಬೊಮ್ಮಕ್ಕ ನಿನಗೇನು ಬೇಕು ಕೇಳು ಅಂದ್ರೆ, ಚಾಪೇಲಿ ಬೆನ್ನು ನೋಯುತ್ತೆ ಬುದ್ಧಿ, ಒಂದು ಮಂಚ ಕೊಡ್ಸಿ ಅಂದಳಂತೆ. ಗಾದ್ರಪ್ಪ ಮಾತ್ರ ಊರೆಲ್ಲ ತಿರುಗಿ, ನನಗೆ ಮೊದಲೇ ಗೊತ್ತಿತ್ತು, ಮಕ್ಕಳು ಕಲೀಲಿ ಅಂತ ಸುಮ್ಮನಿದ್ದೆ ಅಂತಿದ್ದನಂತೆ.

ಚೆನ್ನಾಜಿ ದಿನಾ ಬರೋಳು. ಮಿಡತೇನ ಬೆರಳ ತುದೀಲಿ ಹಿಡಿದು, ಕೈ ಅಲ್ಲಾಡಿಸದೆ, ಕೊಂಬೆ ಪಕ್ಕದಲ್ಲಿ ನಿಲ್ಲೋಳು. ಒಂದು ತಿಂಗಳು ನಿಂತಳು, ಎರಡು ತಿಂಗಳು ನಿಂತಳು. ಮೂರನೇ ತಿಂಗಳು ಒಂದು ಬೆಳಗ್ಗೆ ಪಚ್ಚೆ ಮಿಡತೆ ತಿಂದು, ಒಂದು ಕಣ್ಣಲ್ಲಿ ಅವಳನ್ನ, ಇನ್ನೊಂದು ಕಣ್ಣಲ್ಲಿ ಆಕಾಶಾನ ನೋಡಿ, ಮುಂಗಾಲನ್ನ ಎತ್ತಿ, ಗಾಳೀಲಿ ಹಿಂದೆಮುಂದೆ ತೂಗಿ, ತಾನಾಗೇ ಅವಳ ಬೆರಳ ಮೇಲೆ ಇಟ್ಟಿತಂತೆ. ಆಮೇಲೆ ಇನ್ನೊಂದು ಕಾಲು. ಆಮೇಲೆ ಅಂಗೈ, ಮಣಿಕಟ್ಟು, ತೋಳು. ಮೈಯೆಲ್ಲ ಹಸಿರು, ಒಂದು ಚುಕ್ಕಿ ಕಪ್ಪಿಲ್ಲ. ಚೆನ್ನಾಜಿ ಉಸಿರು ಹಿಡಿದು ನಿಂತಳಂತೆ.

ಅವರೆಲ್ಲ ಅಲ್ಲಿ ಚೆನ್ನಾಗಿದ್ದರು, ಕತೇನೂ ಅಲ್ಲಿಗೇ ಮುಗಿದುಹೋಯ್ತು. ಮಗು ಮಲಗಿಬಿಟ್ಟಿದೆ ಸ್ವಾಮಿ, ಮೆಲ್ಲಗೆ ಎತ್ಕೊಳ್ಳಿ, ಅಗೋ ನಿಮ್ಮ ಬಸ್ಸೂ ತಿರುವಿಗೆ ಬಂತು. ಹತ್ತೋಕೆ ಮುಂಚೆ ಒಂದು ಸಣ್ಣ ವಿಷಯ. ನೀವು ಕತೆ ಕೇಳ್ತಾ ಇದ್ದಾಗ ನಾನು ಎರಡು ಟೀ ಕುಡಿದಿದೀನಿ. ಕ್ಯಾಂಟೀನಿನವರಿಗೆ ನಿಮ್ಮ ಕಡೆ ಕೈ ತೋರಿಸಿ ಹೇಳಿದೀನಿ, ಸ್ವಲ್ಪ ಕೊಟ್ಟುಬಿಡ್ತೀರಾ.