ಹಿತ್ತಿಲ ಬಾಗಿಲ ಆಫೀಸು

"ಹೇಗೂ ಮನೇಲೇ ಬಿದ್ದಿರ್ತೀಯ. ನಾಳೆ ನಮ್ಮ ಸಿಲಿಂಡರ್ ಬಂದರೆ ಇಳಿಸಿಕೋ," ಎಂದರು ಗುರುಮಲ್ಲಪ್ಪನವರು. ಅವರು ನಿವೃತ್ತ ತಹಶೀಲ್ದಾರರು, ಷಡಕ್ಷರಿಯ ಮನೆ ಮಾಲೀಕರು.

ಷಡಕ್ಷರಿ ಮನೆಯಲ್ಲೇ ಕೂತು ಕಂಪನಿಗಳಿಗೆ ಅನುವಾದ ಮಾಡಿಕೊಡುತ್ತಿದ್ದ. ಮಾಲೀಕರ ನಲ್ಲಿ ರಿಪೇರಿ, ರೇಷನ್ನು ಎಂದು ಎದ್ದು ಓಡಾಡಿ ಕೆಲಸ ತಡವಾಗುತ್ತಿತ್ತು. ಇನ್ನೊಮ್ಮೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಂಪನಿಯವರು ಹೇಳಿಬಿಟ್ಟಿದ್ದರು.

"ನಾಳೆಯಿಂದ ಆಫೀಸಿಗೆ ಹೋಗ್ತೀನಿ ಸಾರ್," ಎಂದ.

ಗುರುಮಲ್ಲಪ್ಪನವರ ಮುಖ ಅರಳಿತು. "ಸದ್ಯ, ಮನುಷ್ಯನಾದೆ."

ಬೆಳಿಗ್ಗೆ ಷಡಕ್ಷರಿ ಇಸ್ತ್ರಿ ಅಂಗಿ ತೊಟ್ಟು, ಬುತ್ತಿ ಹಿಡಿದು, ಮುಂಬಾಗಿಲಿಗೆ ಬೀಗ ಹಾಕಿದ. ಜಗುಲಿಯಲ್ಲಿದ್ದ ಮಾಲೀಕರಿಗೆ ನಮಸ್ಕಾರ ಹೇಳಿ ಬೀದಿಗಿಳಿದ. ಮೂಲೆ ಸುತ್ತಿ, ಹಿತ್ತಿಲ ಬಾಗಿಲಿಂದ ಒಳಗೆ ಬಂದು ಕೆಲಸಕ್ಕೆ ಕೂತ. ಸಂಜೆ ಅದೇ ದಾರಿಯಲ್ಲಿ ಸುತ್ತಿ ಬಂದು ಬೀಗ ತೆಗೆದ. ಯಾರೂ ಕರೆಯಲಿಲ್ಲ.

ಒಂದು ದಿನ ಕರಿಬೇವು ಕೀಳಲು ಹಿತ್ತಿಲಿಗೆ ಬಂದಿದ್ದ ಗುರುಮಲ್ಲಪ್ಪನವರ ಕಣ್ಣಿಗೆ, ಬುತ್ತಿ ಹಿಡಿದು ಹಿತ್ತಿಲ ಬಾಗಿಲು ತೆಗೆಯುತ್ತಿದ್ದ ಷಡಕ್ಷರಿ ಬಿದ್ದ.

"ಇಲ್ಲೇನಯ್ಯ ಮಾಡ್ತಿದ್ದೀ?"

"ಆಫೀಸು ಇಲ್ಲೇ ಸಾರ್."

ಅವರು ಇಸ್ತ್ರಿ ಅಂಗಿ ನೋಡಿದರು, ಬುತ್ತಿ ನೋಡಿದರು. ಆಮೇಲೆ ತಮ್ಮ ಗಡಿಯಾರ ನೋಡಿದರು.

"ಹತ್ತೂಕಾಲು. ಹೊಸದರಲ್ಲೇ ಲೇಟಾ? ನಡಿ ಒಳಗೆ."

ಮುಂದಿನ ಸಿಲಿಂಡರನ್ನೂ ಅವರೇ ಇಳಿಸಿಕೊಂಡರು.