ನೆನೆಸಿ ತಿನ್ನಬೇಕಾದ ಗೆಡ್ಡೆ

ಒಂದು ಕಾಡಿನಲ್ಲಿ ಒಂದು ನರಿ ಇತ್ತು. ಕಾಡು ಎಂದಮೇಲೆ ನರಿ ಇರುತ್ತದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಈ ನರಿ ಬೇಟೆಯಾಡುತ್ತಿರಲಿಲ್ಲ. ಹೇಗೆ ಮಾರಬೇಕು ಎಂದು ಮಾರುವವರಿಗೆ ಹೇಳಿಕೊಡುತ್ತಿತ್ತು. ತಾನು ಎಂದೂ ಏನನ್ನೂ ಮಾರಿರಲಿಲ್ಲ. ಆ ಬಗ್ಗೆ ಯಾರೂ ಕೇಳಿಯೂ ಇರಲಿಲ್ಲ.

ಕೆರೆಗೆ ಹೋಗುವ ದಾರಿಯ ಪಕ್ಕದಲ್ಲಿ ಸಣ್ಣಪುಟ್ಟ ವ್ಯಾಪಾರದವರು ಕೂರುತ್ತಿದ್ದರು. ನೀರುನಾಯಿ ಮೀನು ಇಟ್ಟುಕೊಂಡಿತ್ತು. ಕರಡಿ ಜೇನು ಇಟ್ಟುಕೊಂಡಿತ್ತು, ಅರ್ಧ ತಾನೇ ತಿನ್ನುತ್ತಿತ್ತು. ಹೊಂಗೆಮರದ ನೆರಳಿನಲ್ಲಿ ಒಂದು ಮುಳ್ಳುಹಂದಿ ಕಾಡುಗೆಡ್ಡೆ ಮಾರುತ್ತಿತ್ತು. ಅದರ ತಾಯಿಯೂ ಅಲ್ಲೇ ಕೂತು ಮಾರಿತ್ತು. ಗಿರಾಕಿಗಳನ್ನು ಮುಳ್ಳುಹಂದಿ ಕೂಗಿ ಕರೆಯುತ್ತಿದ್ದ ರೀತಿ ಹೀಗಿತ್ತು:

"ಕಾಡುಗೆಡ್ಡೆ ಇದೆ. ಹಸಿಯಾಗಿ ತಿನ್ನಬೇಡಿ, ಗಂಟಲು ಊದುತ್ತದೆ. ಹರಿಯುವ ನೀರಿನಲ್ಲಿ ಎರಡು ದಿನ ನೆನೆಸಿ. ಆಮೇಲೆ ತಿನ್ನಿ, ಚೆನ್ನಾಗಿರುತ್ತದೆ."

ಜಾಹೀರಾತು ಎಂದು ನೋಡಿದರೆ ಇದಕ್ಕಿಂತ ಕೆಟ್ಟದ್ದು ಸಿಗುವುದು ಕಷ್ಟ. ಆದರೂ ವರ್ಷಗಟ್ಟಲೆ ನಡೆದುಕೊಂಡು ಬಂದಿತ್ತು. ಆ ಬೇಸಿಗೆಯಲ್ಲಿ ಮಾತ್ರ ರಾಶಿ ಕರಗಲಿಲ್ಲ. ಆ ದಾರಿಗೆ ಒಂದು ಕಟ್ಟಳೆ ಇತ್ತು. ಹುಣ್ಣಿಮೆಯ ಸಂಜೆಗೆ ಯಾರ ರಾಶಿ ಉಳಿದಿರುತ್ತದೋ ಅವರು ಜಾಗ ಬಿಡಬೇಕು, ಕಾದಿರುವವರು ಕೂರಬೇಕು. ಒಂದು ಕಾಡುಹಂದಿ ಕಾದಿತ್ತು. ದಿನವೂ ಬಂದು, ಏನೂ ಕೊಳ್ಳದೆ, ಹೊಂಗೆಯ ನೆರಳನ್ನು ಕಣ್ಣಲ್ಲೇ ಅಳೆದು ಹೋಗುತ್ತಿತ್ತು.

ಹುಣ್ಣಿಮೆಗೆ ಎಂಟು ದಿನ ಇರುವಾಗ ಮುಳ್ಳುಹಂದಿ ನರಿಯ ಬಳಿಗೆ ಹೋಯಿತು.

ನರಿಯ ಪಾಠ ಬಂಡೆಯ ಮೇಲೆ ನಡೆಯುತ್ತಿತ್ತು. ಮೊದಲು ಹೆದರಿಸಬೇಕು, ಆಮೇಲೆ ಸಮಾಧಾನ ಹೇಳಬೇಕು ಎಂದು ಅದು ಕಲಿಸುತ್ತಿತ್ತು. ಎಷ್ಟೇ ಇದ್ದರೂ ಏಳೇ ಉಳಿದಿವೆ ಎನ್ನಬೇಕು. ಇವತ್ತೇ ಕೊನೆ ಎನ್ನಬೇಕು, ನಾಳೆಯೂ ಅದನ್ನೇ ಹೇಳಬೇಕು. ದೊಡ್ಡವರೊಬ್ಬರ ಹೆಸರು ಸೇರಿಸಬೇಕು. ಹೀಗೆ ಕಲಿತವರೆಲ್ಲ ಆ ದಾರಿಯಲ್ಲಿ ಸಾಲಾಗಿ ಕೂತಿದ್ದರು. ನೀರುನಾಯಿಯ ಹತ್ತಿರ ಏಳೇ ಮೀನು ಉಳಿದಿದ್ದವು, ಕರಡಿಯ ಹತ್ತಿರ ಏಳೇ ತಟ್ಟೆ ಜೇನು. ಹಿಂದಿನ ಬೇಸಿಗೆಯಿಂದಲೂ ಅಷ್ಟೇ ಉಳಿದಿದ್ದವು.

ಕೂಗನ್ನು ದೂರ ಒಯ್ಯಲು ನರಿ ಮಂಗಗಳನ್ನು ಇಟ್ಟುಕೊಂಡಿತ್ತು. ಒಂದೊಂದು ಹಣ್ಣಿಗೆ ಅವು ಯಾರ ಮಾತನ್ನಾದರೂ ಮರದಿಂದ ಮರಕ್ಕೆ ದಾಟಿಸಿ ಇಡೀ ಕಾಡಿಗೆ ಮುಟ್ಟಿಸುತ್ತಿದ್ದವು. ಒಂದೇ ತೊಡಕು, ಉದ್ದದ ಮಾತು ಅವುಗಳಿಗೆ ನೆನಪಿರುತ್ತಿರಲಿಲ್ಲ.

ಮುಳ್ಳುಹಂದಿಯ ಕೂಗನ್ನು ನರಿ ಕಣ್ಣು ಮುಚ್ಚಿಕೊಂಡು ಕೇಳಿತು.

"ಅಕ್ಕಾ, ನಿನ್ನ ಗೆಡ್ಡೆಯಲ್ಲಿ ದೋಷ ಇಲ್ಲ. ನಿನ್ನ ಬಾಯಲ್ಲಿದೆ. ನೆನೆಸುವ ಮಾತು ತೆಗೆದುಹಾಕು."

"ತೆಗೆದರೆ ನೆನೆಸದೆ ತಿಂತಾರಪ್ಪ."

"ತಿನ್ನಲಿ. ಕೊಂಡ ಮೇಲೆ ತಾನೇ ತಿನ್ನೋದು?"

ಮುಳ್ಳುಹಂದಿಗೆ ಇದು ಹಿಡಿಸಲಿಲ್ಲ. ಆದರೆ ಅಷ್ಟು ಹೊತ್ತಿಗೆ ಕಾಡುಹಂದಿ ಹೊಂಗೆಯ ಬುಡದಲ್ಲಿ ಮಲಗಿ ಹೊರಳಿ ನೋಡಿಯೂ ಆಗಿತ್ತು. ಒಂದು ಬುಟ್ಟಿ ಗೆಡ್ಡೆ ನರಿಗೆ ಕೊಡುವುದು ಎಂದು ಮಾತಾಯಿತು.

ಹೊಸ ಕೂಗು ಹೀಗಿತ್ತು: "ಬೇಸಿಗೆಯಲ್ಲಿ ಮಕ್ಕಳು ಸೊರಗುತ್ತಿದ್ದಾರೆಯೇ? ಆನೆ ಮೆಚ್ಚಿದ ಗೆಡ್ಡೆ. ಏಳೇ ಉಳಿದಿವೆ."

ಆನೆ ಒಂದು ಸಲ ಆ ದಾರಿಯಲ್ಲಿ ಹೋಗುವಾಗ ಒಂದು ಗೆಡ್ಡೆಯನ್ನು ತುಳಿದಿತ್ತು. ಅಷ್ಟೇ ನಡೆದದ್ದು. ರಾಶಿಯನ್ನು ಪೊದೆಯ ಹಿಂದೆ ಸರಿಸಿ ಏಳನ್ನು ಮುಂದಿಡಲು ನರಿ ಹೇಳಿಕೊಟ್ಟಿತು. ಮಂಗಗಳು ಮರ ಹತ್ತಿದವು.

ಜನ ಬಂದರು. ಅದನ್ನು ಒಪ್ಪಲೇಬೇಕು. ಕಡವೆ ಬಂತು, ಮೊಲಗಳು ಬಂದವು, ಗೆಡ್ಡೆ ತಿನ್ನುವ ಅಭ್ಯಾಸವೇ ಇಲ್ಲದ ಎರಡು ಕಾಡುಬೆಕ್ಕುಗಳೂ ಬಂದವು. ಮುಳ್ಳುಹಂದಿ ಒಂದು ಕೆಲಸ ಮಾಡಿತು. ಗೆಡ್ಡೆ ಕೊಡುವಾಗ ಪ್ರತಿಯೊಬ್ಬರ ಕಿವಿಯ ಹತ್ತಿರ ಬಾಗಿ, ನೆನೆಸಿ ತಿನ್ನಬೇಕು ಎಂದು ಮೆಲ್ಲನೆ ಹೇಳಿ ಕಳಿಸಿತು. ಇದರಿಂದ ಸಾಲು ನಿಧಾನವಾಗುತ್ತಿದೆ ಎಂದು ನರಿ ಗೊಣಗಿತು.

ಐದನೆಯ ದಿನ ನೂಕುನುಗ್ಗಲು. ಎಲ್ಲರ ಕಿವಿಗೂ ಬಾಗಲು ಆಗಲಿಲ್ಲ.

ಆರನೆಯ ದಿನ ಬೆಳಿಗ್ಗೆ ಒಂದು ತಾಯಿ ಮೊಲ ಬಂದು ನಿಂತಿತು. ಜಗಳಕ್ಕೆ ಬಂದಿರಲಿಲ್ಲ. ಕೊನೆಯ ಮರಿಯ ಗಂಟಲು ಊದಿಕೊಂಡಿದೆ, ನೀರೂ ಇಳಿಯುತ್ತಿಲ್ಲ ಎಂದಿತು. ಇನ್ನೊಂದು ಮಾತನ್ನೂ ಸೇರಿಸಿತು.

"ಮುಂಚೆ ನೀನು ಹೇಳ್ತಿದ್ದೆಯಲ್ಲ ಅಕ್ಕಾ. ಈಗ ಹೇಳಲಿಲ್ಲ. ಅದಕ್ಕೆ, ಈ ಗೆಡ್ಡೆ ಬೇರೆ ಇರಬೇಕು ಅಂದುಕೊಂಡೆ."

ಮುಳ್ಳುಹಂದಿ ಎದ್ದಿತು. ಗಿರಾಕಿಗಳನ್ನು ಅಲ್ಲೇ ಬಿಟ್ಟು ಹುಣಸೆಮರದ ಕಡೆ ಓಡಿತು. ಮುಳ್ಳುಹಂದಿ ಓಡುವುದನ್ನು ನೋಡಿದವರು ಕಡಿಮೆ, ಅದೇನೂ ಚೆಂದವಲ್ಲ. ಹುಣಸೆಹಣ್ಣು ಕಿವುಚಿ ಮರಿಯ ಬಾಯಿಗೆ ಹನಿ ಹನಿಯಾಗಿ ಬಿಡುತ್ತಾ ಇಡೀ ದಿನ ಮೊಲದ ಗೂಡಿನ ಮುಂದೆ ಕೂತಿತು. ಸಂಜೆ ಮರಿ ನೀರು ಕುಡಿಯಿತು.

ಮರುದಿನ ಹೊಂಗೆಯ ಕೆಳಗೆ ಹಳೆಯ ಕೂಗು ಶುರುವಾಯಿತು. ಈ ಸಲ ಇನ್ನೂ ಉದ್ದವಾಗಿತ್ತು, ಹುಣಸೆಯ ವಿಷಯವೂ ಸೇರಿತ್ತು. ಪೊದೆಯ ಹಿಂದಿನ ರಾಶಿ ಮುಂದಕ್ಕೆ ಬಂತು. ಅದನ್ನು ನೋಡಿ, ಏಳೇ ಉಳಿದಿವೆ ಎಂದು ನಂಬಿ ಬಂದವರು ಮುಖ ಸಿಂಡರಿಸಿ ಹೊರಟುಹೋದರು. ಅರ್ಧ ರಾಶಿ ಹಾಗೇ ಇತ್ತು, ಹುಣ್ಣಿಮೆ ನಾಳೆ. ಕಾಡುಹಂದಿ ತನ್ನ ಸಂಸಾರವನ್ನು ಕರೆತಂದು ಜಾಗ ತೋರಿಸಿತು.

ನರಿ ಓಡಿ ಬಂತು. ತನ್ನ ಕೆಲಸವನ್ನೆಲ್ಲ ಹಾಳು ಮಾಡಿದೆ ಎಂದು ಮುಳ್ಳುಹಂದಿಯನ್ನು ಬೈಯಿತು, ತನ್ನ ಬುಟ್ಟಿ ಈಗಲೇ ಬೇಕು ಎಂದು ಕೂತಿತು. ಮುಳ್ಳುಹಂದಿ ಒಳ್ಳೆಯ ಗೆಡ್ಡೆಗಳನ್ನೇ ಆರಿಸಿ ಬುಟ್ಟಿ ತುಂಬಿಸಿತು. ಆಮೇಲೆ ಎಲ್ಲರಿಗೂ ಬಾಗಿದಂತೆ ನರಿಯ ಕಿವಿಗೂ ಬಾಗಿತು.

"ಹಸಿಯಾಗಿ ತಿನ್ನಬೇಡಪ್ಪ. ಹರಿಯುವ ನೀರಿನಲ್ಲಿ..."

"ನನಗೇ ಮಾರ್ತೀಯಾ ಅಕ್ಕಾ?" ಎಂದು ನರಿ ನಕ್ಕು ಬುಟ್ಟಿ ಎತ್ತಿಕೊಂಡಿತು. "ಆ ಮಾತನ್ನು ತೆಗೆದವನು ನಾನೇ."

ನಿಜ. ನರಿ ಆ ಮಾತನ್ನು ಹತ್ತು ಸಲವಾದರೂ ಕೇಳಿತ್ತು. ಎಲ್ಲಿ ಕತ್ತರಿಸಬೇಕು ಎಂದು ತಿಳಿಯಲು ಕೇಳಿತ್ತೇ ಹೊರತು ಬೇರೆ ಯಾವುದಕ್ಕೂ ಅಲ್ಲ. ಮಾತಿಗೆ ಅರ್ಥವೂ ಇರಬಹುದು ಎಂಬ ಸಂಶಯ ಅದಕ್ಕೆ ಬಂದೇ ಇರಲಿಲ್ಲ. ಮನೆಗೆ ಹೋಗಿ ಅರ್ಧ ಬುಟ್ಟಿಯನ್ನು ಹಸಿಯಾಗಿಯೇ ತಿಂದು ಮಲಗಿತು.

ಹುಣ್ಣಿಮೆಯ ಬೆಳಿಗ್ಗೆ ಬಂಡೆಯ ಮೇಲೆ ನರಿಯ ದೊಡ್ಡ ಪಾಠ ಇತ್ತು. ಮಂಗಗಳು ಮೂರು ದಿನದಿಂದ ಕೂಗಿದ್ದವು. ಕಾಡಿನ ನಾಲ್ಕು ಮೂಲೆಯಿಂದ ವ್ಯಾಪಾರದವರು ಬಂದು ಸೇರಿದ್ದರು. ನರಿ ಬಂಡೆ ಹತ್ತಿತು, ಸಭೆಯನ್ನು ಒಮ್ಮೆ ನೋಡಿತು, ಬಾಯಿ ತೆರೆಯಿತು. ಸ್ವರ ಬರಲಿಲ್ಲ. ಮತ್ತೆ ತೆರೆಯಿತು. ಒಣಗಿದ ಎಲೆಯ ಮೇಲೆ ಯಾರೋ ಕಾಲಿಟ್ಟಂಥ ಒಂದು ಸದ್ದು ಬಂತು.

ಸಭೆ ಕಾದಿತು. ಇದೂ ಒಂದು ತಂತ್ರವಿರಬೇಕು ಎಂದು ಕೆಲವರು ಇನ್ನಷ್ಟು ಗಮನವಿಟ್ಟು ನೋಡಿದರು. ಮುಂದಿನ ಸಾಲಿನ ಅಳಿಲೊಂದು ಬಾಯಿ ತೆರೆದು ಮುಚ್ಚಿ ಅಭ್ಯಾಸವನ್ನೂ ಮಾಡಿಕೊಂಡಿತು.

ಕೊನೆಗೆ ಕರಡಿ ಎದ್ದು ಹತ್ತಿರ ಹೋಗಿ ನರಿಯ ಕತ್ತನ್ನು ನೋಡಿತು.

"ಗಂಟಲು ಊದಿದೆ. ಹಸಿ ಗೆಡ್ಡೆ ತಿಂದಿದೆ," ಎಂದಿತು.

"ನೆನೆಸಬೇಕು ಅಂತ ಗೊತ್ತಿರಲಿಲ್ವಾ ಮಾವ?" ಎಂದು ನೀರುನಾಯಿ ಕರಡಿಯನ್ನು ಕೇಳಿತು.

"ಗೊತ್ತಿಲ್ಲದೆ ಏನು. ಆ ಮಾತು ತೆಗೆಸಿದ್ದೇ ಇದು."

ಸಭೆಯಲ್ಲಿ ಯಾರೂ ಜೋರಾಗಿ ನಗಲಿಲ್ಲ. ಹಲವರು ಅದೇ ನರಿಗೆ ಬುಟ್ಟಿಗಟ್ಟಲೆ ಕೊಟ್ಟವರೇ ಆಗಿದ್ದರು. ಒಬ್ಬೊಬ್ಬರಾಗಿ ಎದ್ದು ಕೆರೆದಾರಿ ಹಿಡಿದರು. ದಾರಿಯಲ್ಲಿ ಮುಳ್ಳುಹಂದಿ ಕೂಗುತ್ತಿತ್ತು. ಗಂಟಲು ಊದುತ್ತದೆ ಎನ್ನುವುದನ್ನು ಅವರು ಆಗಷ್ಟೇ ಕಣ್ಣಾರೆ ನೋಡಿ ಬಂದಿದ್ದರು. ಆ ಭಾಗ ನಿಜವಾದಮೇಲೆ, ನೆನೆಸಿದರೆ ಚೆನ್ನಾಗಿರುತ್ತದೆ ಎನ್ನುವುದೂ ನಿಜವಿರಬಹುದು ಎಂದು ಅವರಿಗೆ ತೋರಿತು. ಕೊಂಡರು. ಮುಳ್ಳುಹಂದಿ ಪ್ರತಿಯೊಬ್ಬರಿಗೂ ಎಲ್ಲವನ್ನೂ ಮೊದಲಿನಿಂದ ಹೇಳಿತು. ಕರಡಿ, ನನಗೆ ಗೊತ್ತು ಬಿಡಮ್ಮ ಎಂದರೂ ಬಿಡಲಿಲ್ಲ.

ಸಂಜೆ ಕಾಡುಹಂದಿ ಸಂಸಾರಸಮೇತ ಬಂದಾಗ ಹೊಂಗೆಯ ಕೆಳಗೆ ಮಣ್ಣು ಬಿಟ್ಟರೆ ಏನೂ ಉಳಿದಿರಲಿಲ್ಲ. ಅದು ಗುರ್ರೆಂದು ತಿರುಗಿ ಹೋಯಿತು.

ಕತ್ತಲಾಗುವ ಮುಂಚೆ ನರಿಯೂ ಬಂತು. ಏನು ಬೇಕೆಂದು ಕೇಳಲು ಅದಕ್ಕೆ ಬಾಯಿ ಇರಲಿಲ್ಲ, ಕತ್ತು ಮುಂದೆ ಚಾಚಿ ನಿಂತಿತು. ಮುಳ್ಳುಹಂದಿ ಹುಣಸೆಹಣ್ಣು ಕೊಟ್ಟಿತು. ಅದನ್ನು ಹೇಗೆ ಕಿವುಚಬೇಕು, ಎಷ್ಟು ಹೊತ್ತಿಗೊಮ್ಮೆ ನುಂಗಬೇಕು, ಎಷ್ಟು ದಿನ ಎಂದು ನಿಧಾನವಾಗಿ ಹೇಳಿತು. ನರಿ ಕೊನೆಯವರೆಗೂ ಕೇಳಿತು.

ನೀತಿ: ಮಾರುವ ವಸ್ತುವನ್ನು ಹೇಗೆ ಬಳಸಬೇಕೆಂದು ಕೊಳ್ಳುವವರಿಗೆ ಹೇಳಲೇಬೇಕು. ಅದನ್ನು ಬಿಟ್ಟುಬಿಡು ಎಂದು ಸಲಹೆ ಕೊಡುವವರಿಗೆ ಮೊದಲು ಆ ವಸ್ತುವನ್ನೇ ಕೊಟ್ಟು ನೋಡಿ.