ಅವರು ಉಂಡಾರೇನು?

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಒಬ್ಬ ವೃದ್ಧ ಗುರುಗಳಿದ್ದರು. ಸುತ್ತಲಿನ ಊರಿನವರು ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಒಂದು ಮುಂಜಾನೆ ಅವರ ಶಿಷ್ಯೆ ಮಹಾನಂದಾ ಬಂದಳು. ಕೈಯಲ್ಲಿ ಒಂದು ಪುಸ್ತಕ, ಒಂದು ನೋಟ್‌ಬುಕ್ಕು. ಎರಡನ್ನೂ ಗುರುಗಳ ಮುಂದಿಟ್ಟು ನಮಸ್ಕರಿಸಿದಳು.

"ಅಜ್ಜಾರ, ಹದಿನೆಂಟು ವರ್ಷದ ಹಿಂದೆ ನೀವು ನನಗ ಒಂದು ವ್ರತ ಕೊಟ್ರಿ. ಸುಳ್ಳು ಹೇಳಬಾರದು ಅಂತ. ಅದನ್ನ ವಾಪಸ್ ತಗೋರಿ."

"ಯಾಕ?"

"ಅವ್ವ ಉಣ್ಣವಲ್ಲಳು. ಮೂರು ದಿನ ಆತು. ನಾಳೆನೂ ಉಣ್ಣಲಿಲ್ಲಂದ್ರ ಮೂಗಿನಾಗ ನಳಿಗಿ ಹಾಕಬೇಕಾಗತೈತಿ ಅಂದಾರ ಡಾಕ್ಟ್ರು."

ಅವಳ ತಾಯಿ ಕಾಶವ್ವನಿಗೆ ಆಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ. ಅದು ಗುರುಗಳಿಗೂ ಗೊತ್ತಿತ್ತು.

"ಪುಸ್ತಕ ಯಾವುದು?"

"ಆ ಕಾಯಿಲಿದು. ಡಾಕ್ಟ್ರು ಕೊಟ್ಟದ್ದು. ಎರಡು ಸಲ ಓದೇನಿ. ಕಾಯಿಲಿ ತಿಳೀತು. ಅವ್ವ ತಿಳೀಲಿಲ್ಲ."

ಗುರುಗಳು ಪುಸ್ತಕ ಬಿಟ್ಟು ನೋಟ್‌ಬುಕ್ಕು ತೆರೆದರು. ಮಹಾನಂದಾಳ ದುಂಡು ಅಕ್ಷರ. ತಾರೀಖು, ವೇಳೆ ಎಲ್ಲ ಇತ್ತು.

ಬೆಳಿಗ್ಗೆ ಎಂಟೂವರೆ. 'ಅವರು ಉಂಡಾರೇನು' ಎಂದು ಅವ್ವ ಕೇಳಿದಳು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು ಎಂದೆ. ಅತ್ತಳು. ಊಟ ಮಾಡಲಿಲ್ಲ.

ಮಧ್ಯಾಹ್ನ ಒಂದು ಗಂಟೆ. ಕೇಳಿದಳು. ಹೇಳಿದೆ. ಅತ್ತಳು. ಊಟ ಮಾಡಲಿಲ್ಲ.

ಗುರುಗಳು ಹಾಳೆ ತಿರುವುತ್ತ ಹೋದರು. ಮೂರು ದಿನಕ್ಕೇ ಬಹಳ ಹಾಳೆಗಳು ತುಂಬಿದ್ದವು.

"ಗಂಡ ಉಣ್ಣದ ಹೊರತು ನಿಮ್ಮವ್ವ ಉಂಡಾಕಿ ಅಲ್ಲ, ಹೌದಿಲ್ಲೋ?"

"ಒಂದು ದಿನನೂ ಉಂಡಾಕಿ ಅಲ್ಲರೀ. ಜ್ವರ ಬಂದಾಗೂ ಕಾಯ್ತಿದ್ದಳು."

"ಈಗ ಖರೇ ಹೇಳಿದ ಮ್ಯಾಲೂ ಯಾಕ ಉಣ್ಣವಲ್ಲಳು?"

ಮಹಾನಂದಾ ತಲೆ ತಗ್ಗಿಸಿದಳು. "'ಸತ್ತ ಮನಿಯಾಗ ಒಲಿ ಹಚ್ಚತಾರೇನ, ಖೋಡಿ?' ಅಂತ ನನಗ ಬೈತಾಳ. ಆಕಿಗೆ ಅಪ್ಪ ಆಗಷ್ಟ ಹೋದಂಗ."

ಗುರುಗಳು ನೋಟ್‌ಬುಕ್ಕು ಮುಚ್ಚಿದರು.

"ಒಬ್ಬಾಕಿ ಹೆಣ್ಣುಮಗಳು ಒಬ್ಬ ಗಂಡನ್ನ ಎಷ್ಟು ಸಲ ಮಣ್ಣು ಮಾಡಬೇಕವ್ವ?"

ಶಿಷ್ಯೆಗೆ ಅಳು ಬಂತು. "ಅದಕ್ಕ ಬಂದೇನ್ರೀ. 'ಪ್ಯಾಟಿಗೆ ಹೋಗ್ಯಾರ, ಅಲ್ಲೇ ಉಂಡು ಬರತಾರ' ಅಂತ ಹೇಳಿಬಿಡ್ರಿ ಅಂತಾರ ಡಾಕ್ಟ್ರು. ವ್ರತ ತಗೋರಿ. ಸುಳ್ಳು ಹೇಳಿ ಅವ್ವನ್ನ ಉಳಿಸಿಕೋತೀನಿ."

ಗುರುಗಳು ವ್ರತವನ್ನು ತೆಗೆದುಕೊಳ್ಳಲೂ ಇಲ್ಲ, ಇಟ್ಟುಕೋ ಎನ್ನಲೂ ಇಲ್ಲ. ಕೋಲು ಹಿಡಿದು ಎದ್ದರು.

"ನಡಿ. ನಿಮ್ಮವ್ವನ ಕಡೆ ಹೋಗೂಣು."

ಕಾಶವ್ವ ಪಡಸಾಲೆಯಲ್ಲಿ ಕೂತಿದ್ದಳು. ಕುಪ್ಪಸದ ಗುಂಡಿ ಹೆಚ್ಚುಕಡಿಮೆಯಾಗಿತ್ತು. ಗುರುಗಳನ್ನು ನೋಡಿ ಅವಳ ಮುಖ ಅರಳಿತು.

"ಬಾರೋ ಫಕೀರಪ್ಪ. ಗಾಡಿ ಎಲ್ಲಿ ಬಿಟ್ಟಿ? ಗಡ್ಡಾ ಯಾವಾಗ ತಗೀತಿ? ಎತ್ತಿಗೆ ಮೇವು ಸಾಲದಿದ್ರ ಅದನ್ನ ಕೊಯ್ದು ಹಾಕಬಾರದೇನು?"

"ಅವ್ವಾ! ಗಾಡಿ ಹೊಡಿಯೋ ಫಕೀರಪ್ಪ ಅಲ್ಲ, ಅಜ್ಜಾರು ಅದಾರ ಅವರು!" ಮಹಾನಂದಾ ನಾಚಿಕೆಯಿಂದ ಕುಗ್ಗಿಹೋದಳು.

ಗುರುಗಳು ಹೊಟ್ಟೆ ಹಿಡಿದು ನಕ್ಕರು. "ಈ ಮೇವು ಎತ್ತು ಮೂಸೂದಿಲ್ಲ, ಯವ್ವಾ."

ಕಾಶವ್ವನೂ ನಕ್ಕಳು. ನಗುತ್ತಲೇ ಬಾಗಿಲ ಕಡೆ ನೋಡಿದಳು. ನಗು ನಿಂತಿತು.

"ಅವರು ಉಂಡಾರೇನು?"

ಮಹಾನಂದಾ ಬಾಯಿ ತೆರೆದಳು. ಗುರುಗಳು ಕೈ ಎತ್ತಿ ತಡೆದರು.

"ಅವರ ಊಟ ಹೆಂಗಿರಬೇಕು, ಯವ್ವಾ?"

"ಫಕೀರಪ್ಪ, ನಿನಗ ಗೊತ್ತಿಲ್ಲೇನು? ಕಟಕ ರೊಟ್ಟಿ ನಡಿಯೂದಿಲ್ಲ. ಬಿಸಿ ಜ್ವಾಳದ ರೊಟ್ಟಿ ಬೇಕು. ಪುಂಡಿಪಲ್ಯ, ಅದರ ಮ್ಯಾಲೆ ಬೆಣ್ಣಿ. ಉಳ್ಳಾಗಡ್ಡಿ ಕೊಯ್ದು ಕೊಟ್ಟರ ಸಿಟ್ಟು ಬರತೈತಿ. ಗುದ್ದಿ ಕೊಡಬೇಕು."

ಮಗಳ ಹೆಸರು ಮರೆತ ಬಾಯಿ ಒಂದೂ ತಪ್ಪದೆ ಹೇಳಿತು.

"ನಿಮ್ಮ ಮನಿಯಾಗ ಹಿರಿಯರ ಹಬ್ಬಕ್ಕ ಎಡಿ ಹೆಂಗ ಇಡತೀರಿ?" ಗುರುಗಳು ಶಿಷ್ಯೆಯನ್ನು ಕೇಳಿದರು.

"ದೇವರ ಕೋಣಿಯಾಗ ಹಿರಿಯರ ಫೋಟೋದ ಮುಂದ ತಾಟು ಬಡಿಸಿ ಇಡತೀವ್ರಿ. ಕದಾ ಮುಚ್ಚಿ ಎಲ್ಲಾರೂ ಹೊರಗ ಕೂಡತೀವಿ. ಅವರು ಬಂದು ಉಣ್ಣೂತನ."

"ಹಬ್ಬ ಇವತ್ತ ಅಂತ ತಿಳಕೋ. ಒಲಿ ಹಚ್ಚು."

ಹಂಚು ಕಾದ ವಾಸನೆಗೆ ಕಾಶವ್ವ ತಾನಾಗಿ ಎದ್ದು ಬಂದಳು. ಮಗಳನ್ನು ಪಕ್ಕಕ್ಕೆ ಸರಿಸಿದಳು. "ಸರಿ ಅತ್ತಾಗ. ನಿನ್ನ ರೊಟ್ಟಿ ಅವರು ಮುಟ್ಟೂದಿಲ್ಲ."

ಬೆಂಕಿಯ ಹತ್ತಿರ ಬಿಡಬೇಡಿ ಎಂದು ಪುಸ್ತಕದಲ್ಲಿತ್ತು. ಮಹಾನಂದಾ ಹಂಚಿನ ಕೆಲಸ ತಾನು ಇಟ್ಟುಕೊಂಡಳು. ಹಿಟ್ಟನ್ನು ತಾಯಿಗೆ ಬಿಟ್ಟಳು.

ಕೈ ತಟ್ಟತೊಡಗಿತು. ಗುಂಡಿ ಹಾಕಲು ಬಾರದ ಕೈ. ರೊಟ್ಟಿ ತಿರುಗುತ್ತ ತಿರುಗುತ್ತ ತೆಳ್ಳಗಾಯಿತು. ಅಂಚು ಎಲ್ಲೂ ಒಡೆಯಲಿಲ್ಲ.

ತಾಟು ಬಡಿಸಿದವಳೂ ಕಾಶವ್ವನೇ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಇಟ್ಟಳು. ದೇವರ ಕೋಣೆಯಲ್ಲಿ ಮಣೆ ಹಾಕಿ, ಅದರ ಮುಂದೆ ತಾಟು ಇಟ್ಟು ಕದ ಮುಚ್ಚಿ ಮೂವರೂ ಹೊರಗಿನ ಕಟ್ಟೆಯ ಮೇಲೆ ಕೂತರು.

"ಅಜ್ಜಾರ, ಈಗ ಕೇಳಿದ್ರ ಏನು ಹೇಳಲಿ?" ಮಹಾನಂದಾ ಪಿಸುಗುಟ್ಟಿದಳು.

"ಶ್!" ಎಂದಳು ಕಾಶವ್ವ. "ಸುಮ್ಮನಿರ್ರಿ. ಉಣ್ಣುವಾಗ ಅವರಿಗೆ ಗದ್ದಲ ಸೇರೂದಿಲ್ಲ."

ಬಿಸಿಲು ಕಟ್ಟೆಯಿಂದ ಅಂಗಳಕ್ಕೆ ಇಳಿಯಿತು.

ಬಹಳ ಹೊತ್ತಿನ ಮೇಲೆ ಕಾಶವ್ವ ಎದ್ದಳು. ಕದದ ಮುಂದೆ ನಿಂತು ಒಮ್ಮೆ ಕೆಮ್ಮಿದಳು, ಒಳಗಿದ್ದವರಿಗೆ ಸುಳಿವು ಕೊಡುವಂತೆ. ಆಮೇಲೆ ಕದ ತೆಗೆದಳು.

ಮಹಾನಂದಾ ತಾಯಿಯ ಹೆಗಲ ಮೇಲಿಂದ ಇಣುಕಿದಳು. ರೊಟ್ಟಿ ಮುರಿದಿರಲಿಲ್ಲ. ಪಲ್ಯ ಹಾಗೇ ಇತ್ತು. ಬೆಣ್ಣೆ ಮಾತ್ರ ಕರಗಿತ್ತು.

ಕಾಶವ್ವ ತಾಟು ನೋಡಲಿಲ್ಲ. ತಾಟಿನ ಆಚೆ, ಗೋಡೆಗೆ ಹತ್ತಿದ ಖಾಲಿ ಮಣೆಯ ಕಡೆ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹಾಗೇ ನಿಂತಳು. ಅವಳ ಮುಖದಲ್ಲಿ ಏನು ಮೂಡಿತೋ, ಮಗಳು ಐವತ್ತು ವರ್ಷದಲ್ಲಿ ಅದನ್ನು ಕಂಡಿರಲಿಲ್ಲ.

"ಉಂಡ್ರು," ಎಂದಳು. "ಇವತ್ತ ಭಾಳ ಸಾವಕಾಶ ಉಂಡ್ರು."

ಅದೇ ತಾಟಿನ ಮುಂದೆ ಕೂತಳು. ರೊಟ್ಟಿ ಮುರಿದಳು. ಒಂದು ಮುಗಿಸಿ ಇನ್ನೊಂದು ಕೇಳಿದಳು.

ಎರಡನೆಯದು ಅರ್ಧವಾದಾಗ ತಲೆ ಎತ್ತಿ, ಹತ್ತಿರ ನಿಂತವಳನ್ನು ನೋಡಿದಳು.

"ಯಾರ ಮಗಳೋ ಏನೋ, ಮಾರಿ ಬಾಡೇತಿ. ಹಸದೀ ಅಲ್ಲ? ಬಾ ಇಲ್ಲಿ."

ಮಹಾನಂದಾಳಿಗೆ ಆಗ ನೆನಪಾಯಿತು. ಮೂರು ದಿನದಿಂದ ಅವಳೂ ಉಂಡಿರಲಿಲ್ಲ. ನೆಲಕ್ಕೆ ಕೂತು ತಾಯಿಯ ಕೈತುತ್ತಿಗೆ ಬಾಯಿ ತೆರೆದಳು.

ಗುರುಗಳು ಹೊಸ್ತಿಲ ಆಚೆಯೇ ನಿಂತಿದ್ದರು. ಒಳಗೆ ಬರಲಿಲ್ಲ. ಬಾಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೊರಟರು.

ಮಹಾನಂದಾ ಅಂಗಳಕ್ಕೆ ಓಡಿ ಬಂದಳು.

"ಅಜ್ಜಾರ, ತಾಟು ತುಂಬಿದ್ದು ತುಂಬಿದಂಗ ಇತ್ತು. ಕಣ್ಣಾರೆ ನೋಡೇನಿ. ಅವ್ವ 'ಉಂಡ್ರು' ಅಂದಳು. ಅದು ಖರೆಯೇನು, ಸುಳ್ಳೇನು? ನನಗ ಹೇಳಿ ಹೋಗ್ರಿ."

ಗುರುಗಳು ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು.

"ನಲವತ್ತು ವರ್ಷ ಆತು, ನಮ್ಮ ಗುರುಗಳ ಗದ್ದಿಗಿಗೆ ದಿನಾ ಎಡಿ ಇಟ್ಟು ಕದಾ ಮುಚ್ಚತೀನಿ. ಕದಾ ತಗದಾಗ ಅವರು ಉಂಡದ್ದು ನನಗ ಒಮ್ಮಿನೂ ಕಂಡಿಲ್ಲ, ಮಗಳ."